ರಿಮೋಟ್ ಉಮ್ಮನ ಕೈಗೆ ಹೋದ ಮೇಲೆ

ಈ ಎರಡು ತಿಂಗಳಲ್ಲಿ ನಾವು ಮನೆಯಲ್ಲಿ ಕೂತು ನೋಡಿದ ಸಿನೆಮಾಗಳನ್ನು ಲೆಕ್ಕ ಹಾಕಿದರೆ ಹತ್ತರ ಹತ್ತಿರ ಆಗುತ್ತದೆ. ಸ್ವಲ್ಪ ಹೆಚ್ಚಾಯಿತು ಅನ್ನುವವರು ಇರಬಹುದು. ಆದರೆ ಮಳೆಗಾಲ. ಸಂಜೆಯ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಮಕ್ಕಳ ಕೈಯಲ್ಲಿ ಒಂದೊಂದು ಮೊಬೈಲು, ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಅದರ ಬದಲು ಇಶಾ ನಮಾಝ್, ಊಟ ಎಲ್ಲ ಮುಗಿಸಿ ಚಾವಡಿಯಲ್ಲಿ ಎಲ್ಲರೂ ಒಂದೇ ಪರದೆಯ ಮುಂದೆ ಕೂರುವುದೇ ವಾಸಿ ಎಂದು ತೀರ್ಮಾನ ಮಾಡಿಕೊಂಡೆವು. ಷರತ್ತು ಒಂದೇ. ಉಮ್ಮನ ಜೊತೆ ಕೂತು ನೋಡಲಿಕ್ಕೆ ಆಗುವಂಥದ್ದು ಆಗಬೇಕು. ಹಾಗಾಗಿ ಯಾರೂ ಹೇಳದೆಯೇ ರಿಮೋಟ್ ಉಮ್ಮನ ಕೈಗೆ ಹೋಯಿತು.

ಉಮ್ಮನಿಗೆ ಹಿಂದಿ ಬರುವುದಿಲ್ಲ, ಸಬ್‌ಟೈಟಲ್ ಓದುವಷ್ಟು ಕಣ್ಣೂ ಈಗ ಸರಿ ಇಲ್ಲ. ಮಲಯಾಳ ಹಾಕಿದರೆ ಮಾತ್ರ ಯಾರ ಸಹಾಯವೂ ಬೇಡ. ಅದರಲ್ಲೂ ಮಲಪ್ಪುರಂ ಕಡೆಯ ಮಾತಾದರೆ ಅರ್ಧಕ್ಕರ್ಧ ನಮ್ಮದೇ ಬ್ಯಾರಿ. ಇಂಗ್ಲಿಷ್ ಮೀಡಿಯಂನ ಮಕ್ಕಳಿಗೆ ಗೊತ್ತಾಗದ ಮಾತಿಗೆ ಉಮ್ಮ ನಗುತ್ತಾರೆ, ಆಮೇಲೆ ಮಕ್ಕಳು "ಎಂತ ಹೇಳಿದ್ದು ಉಮ್ಮಾ" ಎಂದು ಕೇಳುತ್ತಾರೆ. ಮನೆಯಲ್ಲಿ ಬ್ಯಾರಿ ಮಾತಿನ ಪಾಠ ಹೀಗಾದರೂ ಆಗುತ್ತಿದೆಯಲ್ಲ ಎಂದು ನಮಗೆ ಒಳಗೊಳಗೇ ಖುಷಿ.

ಹೀಗೆ ನೋಡಿದ್ದರಲ್ಲಿ ಮನೆಯೊಳಗೆ ಜಗಳ ಎಬ್ಬಿಸಿದ್ದು 'ಫೆಮಿನಿಚ್ಚಿ ಫಾತಿಮಾ'. ಫಾಸಿಲ್ ಮುಹಮ್ಮದ್ ಎಂಬ ಹೊಸ ನಿರ್ದೇಶಕರ ಮಲಯಾಳ ಚಿತ್ರ. 2024ರಲ್ಲಿ ಕೇರಳದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು, ಮುಖ್ಯ ಪಾತ್ರ ಮಾಡಿದ ಶಮ್ಲಾ ಹಂಝಾಗೆ ಆಮೇಲೆ ಕೇರಳ ಸರಕಾರದ ಶ್ರೇಷ್ಠ ನಟಿ ಪ್ರಶಸ್ತಿಯೂ ಬಂತು. ಕತೆ ಎಂದರೆ ಒಂದು ಹಾಸಿಗೆಯದ್ದು. ಪೊನ್ನಾನಿಯ ಒಂದು ಸಾಧಾರಣ ಮನೆ. ಗಂಡ ಅಶ್ರಫ್ ಉಸ್ತಾದ್. ಹೆಂಡತಿ ಫಾತಿಮಾ ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವ ತನಕ ಒಂದೇ ಸಮನೆ ಕೆಲಸ. ಗಂಡನಿಗೆ ಸಣ್ಣಪುಟ್ಟದ್ದಕ್ಕೆಲ್ಲ ಅವಳೇ ಬೇಕು, ಫ್ಯಾನಿನ ಸ್ವಿಚ್ ಹಾಕಲಿಕ್ಕೂ. ಮಗ ಹಾಸಿಗೆ ಒದ್ದೆ ಮಾಡುತ್ತಾನೆ, ಆ ಹಳೆ ಹಾಸಿಗೆ ಉಪಯೋಗಕ್ಕೆ ಬಾರದ ಹಾಗಾಗುತ್ತದೆ, ಫಾತಿಮಾಗೆ ಬೆನ್ನುನೋವು, ಹೊಸ ಹಾಸಿಗೆ ಬೇಕು. ಇಷ್ಟೇ. ತಲಾಖ್ ಇಲ್ಲ, ಹೊಡೆತ ಬಡಿತ ಇಲ್ಲ, ಪೊಲೀಸ್ ಇಲ್ಲ. ಒಂದು ಹಾಸಿಗೆ ಮನೆಗೆ ಬರಲಿಕ್ಕೆ ಎಷ್ಟು ಬಾಗಿಲು ದಾಟಬೇಕು ಎಂಬುದೇ ಸಿನೆಮಾ. ಕೊನೆಗೆ ಎಂತ ಆಯಿತು ಎಂದು ನಾವು ಹೇಳುವುದಿಲ್ಲ, ನೋಡಿಕೊಳ್ಳಿ.

ಅರ್ಧ ಗಂಟೆ ಆಗುವಷ್ಟರಲ್ಲಿ ಮನೆಯ ಗಂಡಸರು ಒಬ್ಬೊಬ್ಬರಾಗಿ ಫೋನ್ ನೋಡಲಿಕ್ಕೆ ಶುರು ಮಾಡಿದರು. ಹೆಂಗಸರು ಮಾತ್ರ ನಕ್ಕದ್ದೇ ನಕ್ಕದ್ದು. ಆ ನಗು ಬೇರೆಯೇ ಜಾತಿಯದ್ದು, ನೀವು ಕೇಳಿರಬಹುದು, ಮದುವೆ ಮನೆಯ ಅಡುಗೆ ಕೋಣೆಯಿಂದ ಬರುತ್ತದಲ್ಲ, ಆ ಥರದ್ದು. ಮುಗಿದ ಮೇಲೆ ಒಬ್ಬರು ಶುರು ಮಾಡಿದರು. "ಉಸ್ತಾದರನ್ನೇ ಯಾಕೆ ಹೀಗೆ ತೋರಿಸಬೇಕಿತ್ತು? ಬ್ಯಾಂಕ್ ಮೆನೇಜರನ ಮನೆಯಲ್ಲಿ ಹೆಂಡತಿ ಫ್ಯಾನ್ ಹಾಕುವುದಿಲ್ಲವಾ?" ಇನ್ನೊಬ್ಬರು, "ಇದನ್ನು ನಾವು ನೋಡಿದರೆ ಅಡ್ಡಿ ಇಲ್ಲ, ಪಕ್ಕದ ಮನೆಯವರು ನೋಡಿದರೆ ನಮ್ಮನ್ನೆಲ್ಲ ಹೀಗೆಯೇ ಅಂತ ತಿಳಿದುಕೊಳ್ಳುತ್ತಾರೆ" ಎಂದರು. ಉಮ್ಮ ಏನೂ ಹೇಳಲಿಲ್ಲ. ಎದ್ದು ಹೋಗುವಾಗ ತಾವೇ ಸ್ವಿಚ್ ಆರಿಸಲು ಹೊರಟರು, ಮೊಮ್ಮಗಳು ಓಡಿ ಹೋಗಿ ಅಡ್ಡ ನಿಂತು ಅಣ್ಣನನ್ನು ಕರೆದು ಆರಿಸಿದಳು. ಅಷ್ಟರ ಮಟ್ಟಿಗೆ ಸಿನೆಮಾದಿಂದ ಲಾಭ.

ಎರಡನೆಯ ಮಾತು, ಪಕ್ಕದ ಮನೆಯವರದ್ದು, ಅದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ನಮ್ಮ ಊರಿನ ಈಗಿನ ಪರಿಸ್ಥಿತಿ ನಮಗೆ ಗೊತ್ತಿಲ್ಲದ್ದೇನಲ್ಲ. ಮುಸ್ಲಿಮ್ ಮನೆಯ ಒಳಗಿನ ಸಂಗತಿ ಏನೇ ಹೊರಗೆ ಬಂದರೂ ಅದನ್ನು ಎತ್ತಿಕೊಂಡು ಓಡಲು ತಯಾರಿರುವವರು ಇದ್ದಾರೆ. ಬೇರೆಯವರ ಮನೆಯ ಸಿನೆಮಾ ಬಂದರೆ ಅದು ಒಂದು ಕುಟುಂಬದ ಕತೆ. ನಮ್ಮದು ಬಂದರೆ ಇಡೀ ಸಮುದಾಯದ ಮೇಲಿನ ಸಾಕ್ಷಿ. ಈ ಅನ್ಯಾಯ ಉಂಟು, ಇಲ್ಲ ಅನ್ನುವುದು ಬೇಡ. ಆದರೆ ಆ ಕಾರಣಕ್ಕೆ ಹಾಸಿಗೆಯ ಸಂಗತಿ ಹೇಳಲೇಬಾರದು ಎಂದರೆ, ಬೆನ್ನುನೋವು ಇರುವವರು ಎಷ್ಟು ವರ್ಷ ನೆಲದಲ್ಲಿ ಮಲಗಬೇಕು? ಮಾನ ಕಾಯುವ ಕೆಲಸ ಯಾವಾಗಲೂ ಹೆಂಗಸರ ಬಾಯಿಯ ಮೇಲೆಯೇ ಬಂದು ಬೀಳುವುದು ಯಾಕೆ ಎಂದು ನಮ್ಮ ತಂಗಿ ಕೇಳಿದಳು. ಉತ್ತರ ಕೊಡಲಿಕ್ಕೆ ಯಾರೂ ಮುಂದೆ ಬರಲಿಲ್ಲ.

ಇದು ಹೊಸ ತಕರಾರು ಕೂಡ ಅಲ್ಲ. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬರುತ್ತಿದ್ದಾಗಿನ ಗಲಾಟೆ ನಮ್ಮ ಹಿರಿಯರಿಗೆ ನೆನಪಿದೆ. ಅಪ್ಪ ಮತ್ತು ಗಂಡನ ನಡುವಿನ ಹಠದಲ್ಲಿ ಸಿಕ್ಕಿಹಾಕಿಕೊಂಡ ನಾದಿರಾಳ ಕತೆ. ತನಗೆ ಬೇಡದ ತಲಾಖ್, ಅದೇ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನ ಜೊತೆ ಮದುವೆ. ಆ ಕಾದಂಬರಿಯನ್ನು ಓದದೆಯೇ ಬೈದವರು ಓದಿ ಬೈದವರಿಗಿಂತ ಜಾಸ್ತಿ ಇದ್ದರು. ಮೂವತ್ತು ವರ್ಷದ ಮೇಲೆ, 2011ರಲ್ಲಿ, 'ಬ್ಯಾರಿ' ಎಂಬ ನಮ್ಮದೇ ಹೆಸರಿನ ಸಿನೆಮಾ ಬಂತು. ಸುವೀರನ್ ನಿರ್ದೇಶನ. ಮರಾಠಿಯ 'ದೇವೂಳ್' ಜೊತೆ ಆ ವರ್ಷದ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡಿತು. ದಿಲ್ಲಿಯಲ್ಲಿ ನಮ್ಮ ಭಾಷೆಯ ಹೆಸರು ಕೂಗಿದ ದಿನ ಎಷ್ಟು ಹೆಮ್ಮೆ ಆಗಿತ್ತು! ಆಮೇಲೆ ನೋಡಿದರೆ ಅದು ಸಾರಾ ಅವರ ನಾದಿರಾಳೇ. ಅವರ ಅನುಮತಿ ಇರಲಿಲ್ಲ, ಹೆಸರೂ ಹಾಕಿರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು, ಮಂಗಳೂರಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 2023ರ ಜನವರಿಯಲ್ಲಿ ಸಾರಾ ತೀರಿಕೊಂಡರು. ಬದುಕಿದ್ದಾಗ ನಮ್ಮವರ ಬೈಗುಳ, ಪ್ರಶಸ್ತಿ ಬಂದಾಗ ಬೇರೆಯವರಿಗೆ ಶಾಲು.

ಆ ಸಿನೆಮಾವನ್ನು ಈ ಸಲ ಮತ್ತೆ ಹಾಕಿ ನೋಡಿದೆವು. ನಾದಿರಾ ಪಾತ್ರ ಮಾಡಿದ ಮಲ್ಲಿಕಾ ಚೆನ್ನಾಗಿ ಮಾಡಿದ್ದಾರೆ, ಅವರಿಗೂ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿದ್ದು ಸರಿಯೇ. ಆದರೆ ಮಾತು ಹಲವು ಕಡೆ ಮಲಯಾಳದ ಕಡೆಗೆ ವಾಲುತ್ತದೆ ಎಂದು ಉಮ್ಮನ ಕಿವಿಗೆ ಅನ್ನಿಸಿತು. ನಮಗೆ ಅದಕ್ಕಿಂತ ಹೆಚ್ಚು ಕೊರತೆ ಕಂಡದ್ದು ಇನ್ನೊಂದು. ಆ ಮನೆಯಲ್ಲಿ ಯಾರೂ ನಗುವುದೇ ಇಲ್ಲ. ಬ್ಯಾರಿ ಮನೆಯಲ್ಲಿ ಕಷ್ಟ ಇಲ್ಲವೆಂದಲ್ಲ, ಆದರೆ ಮೂರು ಹೆಂಗಸರು ಸೇರಿದ ಕಡೆ ತಮಾಷೆ ಇಲ್ಲದೆ ಅರ್ಧ ಗಂಟೆ ಕಳೆದದ್ದನ್ನು ನಾವು ನೋಡಿಲ್ಲ.

ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ಬಗ್ಗೆಯೂ ಸ್ವಲ್ಪ ಇದೇ ಮಾತು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯಿಂದ ಮಾಡಿದ್ದು. ಬಾನು ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಎಲ್ಲರೂ ಹುಡುಕಿ ನೋಡಿದರು, ನಾವೂ ನೋಡಿದೆವು. ಗಂಡ ಆಟೋ ಚಾಲಕ, ಹೆಣ್ಣುಮಕ್ಕಳೇ ಹುಟ್ಟಿದರು ಎಂದು ಬಿಟ್ಟು ಹೋಗುತ್ತಾನೆ, ಅವಳು ನ್ಯಾಯ ಕೇಳಿಕೊಂಡು ಮಸೀದಿಯ ಮುಂದೆ ಕೂರುತ್ತಾಳೆ. ತಾರಾಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಂಕಟ ಆಗುತ್ತದೆ, ಮಳೆಯಲ್ಲಿ ಕೂತವಳನ್ನು ನೋಡುವಾಗ ಉಮ್ಮ ಕಣ್ಣು ಒರೆಸಿಕೊಂಡರು. ಆದರೂ ಹಸೀನಾಳನ್ನು ನೋಡಿ ನಾವು ಅಯ್ಯೋ ಪಾಪ ಅಂದೆವು, ಫಾತಿಮಾಳನ್ನು ನೋಡಿ ಅದು ನಮ್ಮ ಅಮ್ಮಾಯಿ, ಇದು ನಮ್ಮ ಅತ್ತಿಗೆ ಅಂದೆವು. ಅಯ್ಯೋ ಪಾಪ ಅಂದವರು ಮಾರನೇ ದಿನ ಮರೆಯಬಹುದು. ಅತ್ತಿಗೆ ದಿನಾ ಎದುರಿಗೇ ಇರುತ್ತಾರೆ.

ಹಾಗಾದರೆ ನಮ್ಮ ಮನೆಯವರೆಲ್ಲ ಒಂದೇ ಮಾತಿನಲ್ಲಿ ಹೊಗಳಿದ ಚಿತ್ರ ಯಾವುದು ಎಂದರೆ, 'ಸುಡಾನಿ ಫ್ರಮ್ ನೈಜೀರಿಯಾ'. 2018ರದ್ದು, ಝಕರಿಯಾ ಮುಹಮ್ಮದ್ ನಿರ್ದೇಶನ. ಇದು ನಮ್ಮ ಮನೆಯಲ್ಲಿ ಮೂರನೇ ಸಲ. ಮಲಪ್ಪುರಂನ ಸೆವೆನ್ಸ್ ಫುಟ್‌ಬಾಲ್ ಟೀಮಿನ ಮೆನೇಜರ್ ಮಜೀದ್. ಕೈಯಲ್ಲಿ ಹಣ ಇಲ್ಲ, ಮದುವೆ ಆಗಲಿಕ್ಕೆ ಹೆಣ್ಣು ಸಿಗುವುದಿಲ್ಲ, ತಾಯಿಯ ಎರಡನೇ ಗಂಡನ ಜೊತೆ ಮಾತಿಲ್ಲ. ಅವನ ಟೀಮಿನಲ್ಲಿ ಆಡುವ ನೈಜೀರಿಯಾದ ಸಾಮ್ಯುವೆಲ್ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ, ಆಸ್ಪತ್ರೆಗೆ ಕಟ್ಟಲು ಹಣವಿಲ್ಲದೆ ಮಜೀದ್ ಅವನನ್ನು ಮನೆಗೆ ಕರೆತರುತ್ತಾನೆ. ಊರವರಿಗೆ ಆಫ್ರಿಕಾದವರೆಲ್ಲ ಸುಡಾನಿಗಳೇ. ಅಲ್ಲಿಂದ ಮೇಲೆ ಸಿನೆಮಾ ಮಜೀದನ ತಾಯಿ ಜಮೀಲಾ ಮತ್ತು ನೆರೆಮನೆಯ ಬೀಯುಮ್ಮನ ಕೈಗೆ ಹೋಗುತ್ತದೆ. ಸಾವಿತ್ರಿ ಶ್ರೀಧರನ್, ಸರಸ ಬಾಲುಶ್ಶೇರಿ ಎಂಬ ಕೋಝಿಕ್ಕೋಡಿನ ನಾಟಕದ ಹಿರಿಯ ನಟಿಯರು. ಭಾಷೆಯೇ ಬಾರದ ಹುಡುಗನಿಗೆ ಅವರು ಊಟ ಕೊಡುವುದು, ಅವನ ಜೊತೆ ತಮ್ಮ ಭಾಷೆಯಲ್ಲಿಯೇ ಹರಟೆ ಹೊಡೆಯುವುದು, ಅವನ ಅಜ್ಜಿ ಅಲ್ಲಿ ತೀರಿಕೊಂಡಾಗ ಇಲ್ಲಿ ತಮ್ಮ ಮನೆಯ ಮರಣದ ಹಾಗೆ ನಡೆದುಕೊಳ್ಳುವುದು. ಇಬ್ಬರೂ ನಟಿಸುತ್ತಿದ್ದಾರೆ ಎಂದು ಉಮ್ಮ ಒಪ್ಪಲೇ ಇಲ್ಲ. "ಇದು ನಟನೆ ಅಲ್ಲ, ನಿಜವಾಗಿಯೂ ಅವರು ಹಾಗೆಯೇ ಇರುವುದು" ಅಂತ ಅವರ ವಾದ. ಅವರಿಬ್ಬರೂ ಮುಸ್ಲಿಮರೇ ಅಲ್ಲ ಎಂದು ಹೇಳಿದಾಗ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ನೆರೆಕರೆ ಒಳ್ಳೆಯದಿತ್ತು" ಎಂದರು.

ಆ ಸಿನೆಮಾದಲ್ಲಿ ಪಳ್ಳಿ ಉಂಟು, ಬಾಂಗ್ ಕೇಳುತ್ತದೆ, ತಲೆಯ ಮೇಲೆ ತಟ್ಟ ಉಂಟು. ಆದರೆ ಯಾವುದನ್ನೂ ತೋರಿಸಲಿಕ್ಕೆಂದೇ ತೋರಿಸಿದ್ದಲ್ಲ. ಕನ್ನಡ, ಹಿಂದಿ ಸಿನೆಮಾಗಳಲ್ಲಿ ಮುಸ್ಲಿಮ್ ಪಾತ್ರ ಒಳಗೆ ಬರುವ ಮೊದಲೇ ಹಿಂದಿನಿಂದ ಸಂಗೀತ ಬರುತ್ತದೆ, ಕಣ್ಣಿಗೆ ಸುರ್ಮಾ, ಹೆಗಲಿಗೆ ಚೌಕುಳಿ ಶಾಲು. ಒಂದೋ ಅವನು ಬಾಂಬ್ ಇಡಬೇಕು, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡಬೇಕು. ಬಾಕಿ ಇದ್ದ ನಮ್ಮ ಹಾಗೆ ಮೀನಿಗೆ ಚೌಕಾಸಿ ಮಾಡುವವರು, ಸ್ಕೂಟರಿನ ಕಂತು ಕಟ್ಟುವವರು ಎಲ್ಲಿ ಹೋದರು? 2023ರ 'ಡೇರ್‌ಡೆವಿಲ್ ಮುಸ್ತಾಫಾ' ಆ ಮಟ್ಟಿಗೆ ಕನ್ನಡದಲ್ಲಿ ಒಂದು ಸಮಾಧಾನ. ಪೂರ್ಣಚಂದ್ರ ತೇಜಸ್ವಿಯವರ ಕತೆ, ಅವರ ಓದುಗರೇ ಹಣ ಹಾಕಿ ಮಾಡಿದ ಸಿನೆಮಾ, ಶಶಾಂಕ್ ಸೋಗಾಲ್ ನಿರ್ದೇಶಕರು. ಅಬಚೂರಿನ ಕಾಲೇಜಿಗೆ ಮೊದಲ ಸಲ ಒಬ್ಬ ಮುಸ್ಲಿಮ್ ಹುಡುಗ ಬಂದಾಗ ಉಳಿದ ಹುಡುಗರ ತಲೆಯಲ್ಲಿ ಏನೆಲ್ಲ ಓಡುತ್ತದೆ ಎಂಬುದನ್ನು ನಗಿಸಿಕೊಂಡೇ ಹೇಳಿದ್ದಾರೆ. ಕೊನೆಯ ಕ್ರಿಕೆಟ್ ಸ್ವಲ್ಪ ಉದ್ದವಾಯಿತು. ಮುಸ್ತಾಫಾನ ಮನೆಯ ಒಳಗೂ ಇನ್ನಷ್ಟು ಹೊತ್ತು ಕರೆದುಕೊಂಡು ಹೋಗಬಹುದಿತ್ತು ಎಂದು ನಮಗೆ ಆಸೆ.

ಝಕರಿಯಾ ಅವರದ್ದೇ ಎರಡನೇ ಚಿತ್ರ 'ಹಲಾಲ್ ಲವ್ ಸ್ಟೋರಿ'. 2020ರಲ್ಲಿ ಸೀದಾ ಓಟಿಟಿಗೆ ಬಂದದ್ದು. ಆಗ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಲಿಲ್ಲ, ಹೆಸರು ನೋಡಿಯೇ ಹೆದರಿದರೋ ಏನೋ. ಒಂದು ಇಸ್ಲಾಮೀ ಸಂಘಟನೆಯ ಹುಡುಗರಿಗೆ ಒಂದು ಟೆಲಿಫಿಲ್ಮ್ ಮಾಡುವ ಆಸೆ. ಆದರೆ ಎಲ್ಲವೂ ಹಲಾಲ್ ಆಗಬೇಕು. ಗಂಡ ಹೆಂಡತಿ ಪಾತ್ರಕ್ಕೆ ನಿಜವಾದ ಗಂಡ ಹೆಂಡತಿಯೇ ಬೇಕು. ಅದಕ್ಕೆ ಸಂಘಟನೆಯ ಶರೀಫ್ ಮತ್ತು ಅವನ ಹೆಂಡತಿ ಸುಹರಾಳನ್ನು ಹಿಡಿಯುತ್ತಾರೆ. ನಿರ್ದೇಶಕ ಮಾತ್ರ ಹೊರಗಿನವನು, ಅವನದೇ ಸಂಸಾರದ ತಾಪತ್ರಯ ಅವನಿಗೆ. ಶರೀಫ್ ತಾನು ದೊಡ್ಡ ನಟ ಎಂದು ತಿಳಿದುಕೊಂಡಿದ್ದಾನೆ. ಕ್ಯಾಮರಾ ಮುಂದೆ ನಿಂತಾಗ ಗೊತ್ತಾಗುವುದು, ನಟನೆ ಬರುವುದು ಸುಹರಾಳಿಗೆ. ಅಲ್ಲಿಂದ ಅವನಿಗೆ ಹೊಟ್ಟೆಯಲ್ಲಿ ಹುಳಿ. ಅವಳು ನಟನೆಯ ತರಬೇತಿಯ ನೆಪದಲ್ಲಿ ಮೊದಲ ಸಲ ತನ್ನ ಮನಸ್ಸಿನ ಮಾತು ಹೊರಗೆ ಹಾಕುತ್ತಾಳೆ. ಗ್ರೇಸ್ ಆಂಟನಿ ಆ ಪಾತ್ರವನ್ನು ಎಷ್ಟು ಚೆಂದ ಮಾಡಿದ್ದಾರೆ ಎಂದರೆ ನಾವು ಆ ಭಾಗವನ್ನು ಹಿಂದೆ ಹಾಕಿ ಇನ್ನೊಮ್ಮೆ ನೋಡಿದೆವು.

ನಮಗೆ ಆ ಸಿನೆಮಾ ಹಿಡಿಸಲಿಕ್ಕೆ ಕಾರಣ, ಅದು ಸಂಘಟನೆಯ ಹುಡುಗರನ್ನು ಗೇಲಿ ಮಾಡುತ್ತದೆ, ಆದರೆ ಸಣ್ಣವರನ್ನಾಗಿ ಮಾಡುವುದಿಲ್ಲ. ಅವರ ಶರ್ತಗಳು ನಗು ತರಿಸುತ್ತವೆ, ಅವರ ನಿಯ್ಯತ್ ಬಗ್ಗೆ ಸಂಶಯ ಬರುವುದಿಲ್ಲ. ಒಳಗಿನವರು ಮಾಡಿದ ತಮಾಷೆಗೂ ಹೊರಗಿನವರು ಮಾಡಿದ ತಮಾಷೆಗೂ ಇರುವ ವ್ಯತ್ಯಾಸ ಇಷ್ಟೇ. ಮಲಪ್ಪುರಂನವರು ಹೀಗೆ ಒಂದರ ಮೇಲೊಂದು ಮಾಡುತ್ತಿದ್ದಾರೆ. ಮುಹ್ಸಿನ್ ಪರಾರಿ ಕತೆ ಬರೆದ 'ತಲ್ಲುಮಾಲಾ' (2022) ನೋಡಿ, ಅದರಲ್ಲಿ ಮದುವೆ ಮನೆಯ ಹೊಡೆದಾಟ ಬಿಟ್ಟರೆ ಬೇರೇನೂ ಇಲ್ಲ, ಉಮ್ಮ ಹತ್ತು ನಿಮಿಷಕ್ಕೆ ಎದ್ದು ಹೋದರು. ಆದರೆ ಪಿಯುಸಿಯ ಹುಡುಗರಿಗೆ ಅದರ ಬಟ್ಟೆ, ಹಾಡು, ಮಾತು ಎಲ್ಲ ಬಾಯಿಪಾಠ. ಅಲ್ಲಿಯ ಮಾಪಿಳ ಹುಡುಗ ಭಯೋತ್ಪಾದಕನೂ ಅಲ್ಲ, ಸಂತನೂ ಅಲ್ಲ, ಪೋಕರಿ. ಪೋಕರಿ ಆಗುವ ಹಕ್ಕೂ ಒಂದು ಹಕ್ಕೇ ಅಲ್ವಾ ಎಂದು ನಮ್ಮ ಅಳಿಯ ಕೇಳುತ್ತಾನೆ.

ಇಲ್ಲಿ ನಮ್ಮ ಪ್ರಶ್ನೆ. ಬ್ಯಾರಿ ಸಾಹಿತ್ಯ ಅಕಾಡಮಿ ಬಂದದ್ದು 2009ರಲ್ಲಿ. ಕತೆ, ಕವಿತೆ, ನಿಘಂಟು ಎಂದು ಕೆಲಸ ಆಗಿದೆ. ನಮ್ಮ ಹುಡುಗರು ಫೋನಿನಲ್ಲಿ ಮಾಡುವ ಎರಡು ನಿಮಿಷದ ಬ್ಯಾರಿ ತಮಾಷೆಗಳು ದುಬೈ, ಜುಬೈಲ್‌ನ ರೂಮುಗಳ ತನಕ ಹೋಗುತ್ತವೆ. ಅವನ್ನು ನೋಡಿದರೆ ಮಾತಿನ ಚುರುಕಿಗೆ ಕೊರತೆ ಇಲ್ಲ. ಆದರೆ ಅವುಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಚ್ಚಾಗಿ ಗಂಡು ಹುಡುಗನೇ ತಲೆಗೆ ಬಟ್ಟೆ ಸುತ್ತಿಕೊಂಡು ಬರುತ್ತಾನೆ, ಕೀರಲು ಸ್ವರದಲ್ಲಿ ಗಂಡನಿಗೆ ಬೈಯುತ್ತಾನೆ, ಮುಗಿಯಿತು. ಸುಹರಾಳಂಥ ಒಬ್ಬಳು ಆ ಕಡೆ ಬರಲಿಕ್ಕೆ ಯಾರ ಒಪ್ಪಿಗೆ ಬೇಕು, ಶರೀಫನ ಹಾಗೆ ಯಾರ ಹೊಟ್ಟೆ ಉರಿಯುತ್ತದೆ, ಇದೆಲ್ಲ ಸಿನೆಮಾದಲ್ಲಿ ನೋಡಿ ನಕ್ಕಷ್ಟು ಸುಲಭ ಅಲ್ಲ ಎಂದು ಗೊತ್ತುಂಟು. ಹಾಗೆಂದು ಸುಮ್ಮನೆ ಕೂತರೆ ನಮ್ಮ ಕತೆಯನ್ನು ಮತ್ತೆ ಯಾರೋ ಬಂದು ಹೆಸರೂ ಹಾಕದೆ ಎತ್ತಿಕೊಂಡು ಹೋಗುತ್ತಾರೆ.

ಉಳಿದವುಗಳ ಬಗ್ಗೆ ಬೇಗ ಬೇಗ ಹೇಳುತ್ತೇವೆ. 'ಆಡುಜೀವಿತಂ' (2024) ನೋಡಲಿಕ್ಕೆ ಗಟ್ಟಿ ಹೃದಯ ಬೇಕು. ಬೆನ್ಯಾಮಿನ್ ಅವರ ಕಾದಂಬರಿ, ಬ್ಲೆಸ್ಸಿ ನಿರ್ದೇಶನ, ಸೌದಿಯ ಮರುಭೂಮಿಯಲ್ಲಿ ಆಡು ಕಾಯಲು ಸಿಕ್ಕಿಬಿದ್ದ ನಜೀಬ್ ಆಗಿ ಪೃಥ್ವಿರಾಜ್. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ನಮ್ಮ ಕಾಕ ಮೊದಲ ಅರ್ಧ ಗಂಟೆ ನೋಡಿದರು. ಏರ್‌ಪೋರ್ಟಿನಲ್ಲಿ ಕಫೀಲ್ ಯಾರು ಎಂದು ಗೊತ್ತಿಲ್ಲದೆ ಕಾಯುವ ದೃಶ್ಯ ಬಂದಾಗ ನೀರು ಕುಡಿಯಲಿಕ್ಕೆಂದು ಎದ್ದವರು ವಾಪಸ್ ಬರಲಿಲ್ಲ. ಅವರ ಹತ್ತಿರ ಯಾರೂ ಏನೂ ಕೇಳಲಿಲ್ಲ.

'ಎರ್ತುಗ್ರುಲ್' ಬಗ್ಗೆ ಬರೆದರೆ ಬೈಗುಳ ಖಂಡಿತ. 2020ರ ರಮಝಾನಿನಲ್ಲಿ ಪಾಕಿಸ್ತಾನದ ಸರಕಾರಿ ಟಿವಿ ಉರ್ದುವಿನಲ್ಲಿ ಹಾಕಿದ ಮೇಲೆ ಲಾಕ್‌ಡೌನಿನಲ್ಲಿ ನಮ್ಮ ಕಡೆಯೂ ಅದೇ ಮಾತು. ಐದು ಸೀಸನ್. ನಮ್ಮ ಭಾವ ಈಗ ಎರಡನೇ ಸುತ್ತು ಹೊಡೆಯುತ್ತಿದ್ದಾರೆ. ಕುದುರೆ, ಕತ್ತಿ, ಡೇರೆ ಎಲ್ಲ ಸೊಗಸು, ಮನೆಮಂದಿ ಕೂತು ನೋಡಬಹುದು, ಅದೆಲ್ಲ ಒಪ್ಪಿದೆವು. ಆದರೆ ಇತಿಹಾಸ ಎಂದು ಮಕ್ಕಳಿಗೆ ಹೇಳಬೇಡಿ ಮಾರಾಯ್ರೇ. ಎರ್ತುಗ್ರುಲ್ ಬಗ್ಗೆ ಖಚಿತವಾಗಿ ಗೊತ್ತಿರುವುದು ಬಹಳ ಸ್ವಲ್ಪ. ಅವನ ಮಗ ಉಸ್ಮಾನ್ ಹೊರಡಿಸಿದ ನಾಣ್ಯದಲ್ಲಿ ಅಪ್ಪನ ಹೆಸರುಂಟು, ಅಂಥದ್ದು. ಉಳಿದದ್ದು ಕತೆಗಾರರ ಕೈಚಳಕ. ಸೌದಿಯಿಂದ ಬಂದ 'ವಜ್ದಾ' (2012) ಆ ಲೆಕ್ಕದಲ್ಲಿ ನಮಗೆ ಹತ್ತು ಪಾಲು ಹತ್ತಿರ. ಸೈಕಲ್ ಬೇಕೆಂದು ಹಠ ಹಿಡಿದ ಹುಡುಗಿ ಹಣಕ್ಕಾಗಿ ಶಾಲೆಯ ಕುರ್‌ಆನ್ ಸ್ಪರ್ಧೆಗೆ ಹೆಸರು ಕೊಡುತ್ತಾಳೆ. ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ರಿಯಾದಿನ ಬೀದಿಯಲ್ಲಿ ಚಿತ್ರೀಕರಣ ಮಾಡುವಾಗ ವ್ಯಾನಿನ ಒಳಗೆ ಕೂತು ವಾಕಿಟಾಕಿಯಲ್ಲಿ ಹೇಳಿಕೊಟ್ಟರಂತೆ. ಆಗ ಆ ದೇಶದಲ್ಲಿ ಸಿನೆಮಾ ಮಂದಿರವೇ ಇರಲಿಲ್ಲ, ತೆರೆದದ್ದು 2018ರಲ್ಲಿ.

'ಸು ಫ್ರಮ್ ಸೋ' ನಮ್ಮ ಊರಿನದ್ದೇ. ಸುಲೋಚನಾ ಫ್ರಮ್ ಸೋಮೇಶ್ವರ ಎಂದರೆ ಉಳ್ಳಾಲದವರಿಗೆ ಹೇಳಬೇಕಾಗಿಲ್ಲ. 2025ರಲ್ಲಿ ಅಷ್ಟು ದೊಡ್ಡ ಗೆಲುವು ಕಂಡ ಕನ್ನಡ ಸಿನೆಮಾದ ಬಾಯಲ್ಲಿ ನಮ್ಮ ಮಂಗಳೂರು ಕನ್ನಡ ಕೇಳಿ ಖುಷಿ ಆಯಿತು. ಜೆ.ಪಿ. ತುಮಿನಾಡು ದೆವ್ವದ ಹೆಸರಿನಲ್ಲಿ ನಗಿಸುತ್ತಾ ನಗಿಸುತ್ತಾ ಕೊನೆಗೆ ದಿಕ್ಕಿಲ್ಲದ ಒಬ್ಬಳು ಹೆಣ್ಣಿನ ಕಷ್ಟಕ್ಕೆ ತಂದು ನಿಲ್ಲಿಸುತ್ತಾರೆ. ಸೋಮೇಶ್ವರದ ಇನ್ನರ್ಧ ಜನ, ಅಂದರೆ ನಾವು, ಇಂಥ ಸಿನೆಮಾದ ಚೌಕಟ್ಟಿನೊಳಗೆ ಯಾವಾಗ ಸಲೀಸಾಗಿ ನಡೆದು ಬರುತ್ತೇವೋ ನೋಡಬೇಕು.

ನಿಧಾನಕ್ಕೆ ಹೇಳಬೇಕಾದ್ದು 'ಗುಲಾಬಿ ಟಾಕೀಸ್'. 2008ರದ್ದು, ವೈದೇಹಿಯವರ ಕತೆಯ ಎಳೆ, ಮತ್ತೆ ಕಾಸರವಳ್ಳಿ. ಕುಂದಾಪುರದ ಕಡೆಯ ಮೀನುಗಾರರ ಕುದ್ರು. ಗುಲಾಬಿ ಎಂದು ಎಲ್ಲರೂ ಕರೆಯುವ ಗುಲ್ನಬಿ ಊರಿಗೆಲ್ಲ ಹೆರಿಗೆ ಮಾಡಿಸುವವಳು, ಸಿನೆಮಾ ಹುಚ್ಚಿ. ಗಂಡ ಮೂಸಾ ಮೀನಿನ ವ್ಯಾಪಾರಿ, ಇನ್ನೊಂದು ಸಂಸಾರ ಮಾಡಿಕೊಂಡವನು. ಒಂದು ಕಷ್ಟದ ಹೆರಿಗೆಗೆ ಹೋದದ್ದಕ್ಕೆ ಅವಳಿಗೆ ಡಿಶ್ ಸಮೇತ ಟಿವಿ ಸಿಗುತ್ತದೆ. ದೂರ ಇಟ್ಟಿದ್ದ ಮೊಗವೀರ ಹೆಂಗಸರು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಆದರೆ ಅದೇ ಹೊತ್ತಿಗೆ ಹೊರಗೆ ಕಾರ್ಗಿಲ್ ಯುದ್ಧ, ಕಡಲಲ್ಲಿ ದೊಡ್ಡ ದೋಣಿಗಳವರ ಮತ್ತು ಸಣ್ಣ ದೋಣಿಗಳವರ ಪೈಪೋಟಿ, ಅದಕ್ಕೆ ಧರ್ಮದ ಬಣ್ಣ. ಟಿವಿ ನೋಡಲು ಬರುತ್ತಿದ್ದ ನೇತ್ರು ಎಂಬ ಹುಡುಗಿ ಊರು ಬಿಟ್ಟು ಕಾಣೆಯಾದಾಗ ಬೆರಳು ಎಲ್ಲಿಗೆ ತಿರುಗುತ್ತದೆ ಎಂದು ಬೇರೆ ಹೇಳಬೇಕಾ. ಹೆರಿಗೆ ಮಾಡಿಸಿದ ಕೈಯನ್ನೇ ಹಿಡಿದು ದೋಣಿಗೆ ಹತ್ತಿಸುತ್ತಾರೆ.

ಉಮಾಶ್ರೀ ಅದರಲ್ಲಿ ಕೂತ ರೀತಿ, ಎದ್ದ ರೀತಿ, ಸೆರಗು ತಲೆಗೆ ಎಳೆದುಕೊಂಡ ರೀತಿ! ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯ. ನಮ್ಮ ಮನೆಯಲ್ಲಿ ಈ ಚಿತ್ರಕ್ಕೆ ಯಾರೂ ಫೋನ್ ನೋಡಲಿಲ್ಲ. ಹದಿನೇಳು ಹದಿನೆಂಟು ವರ್ಷ ಹಿಂದಿನ ಸಿನೆಮಾ, ಆದರೆ ನಿನ್ನೆಯ ಪತ್ರಿಕೆಯ ಹಾಗಿತ್ತು. ಕೊನೆಯಲ್ಲಿ ಅಲ್ಲಿಯ ತನಕ ಅವಳ ಮನೆಗೆ ಕಾಲಿಡದ ಇಬ್ಬರು ಮುದುಕಿಯರು ಖಾಲಿ ಗುಡಿಸಲಿಗೆ ಬಂದು ಟಿವಿ ಮುಂದೆ ಕೂರುತ್ತಾರೆ. ಅದನ್ನು ಹಾಕುವುದು ಹೇಗೆ ಎಂದು ಇಬ್ಬರಿಗೂ ಗೊತ್ತಿಲ್ಲ. ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲೂ ಸ್ವಲ್ಪ ಹೊತ್ತು ಯಾರೂ ರಿಮೋಟ್ ಮುಟ್ಟಲಿಲ್ಲ. ಆಮೇಲೆ ಉಮ್ಮ, ತಮ್ಮ ಹೆರಿಗೆಗಳಿಗೆ ಬರುತ್ತಿದ್ದ ಹೆಂಗಸಿನ ಸುದ್ದಿ ತೆಗೆದರು. ಬೇರೆ ಜಾತಿಯವರು, ಬೇರೆ ಬೀದಿ, ನಡುರಾತ್ರಿ ಕರೆದರೂ ಲಾಟೀನು ಹಿಡಿದುಕೊಂಡು ಬರುತ್ತಿದ್ದರಂತೆ. ಕೂಸನ್ನು ಮೊದಲು ಎತ್ತಿಕೊಂಡದ್ದು ಅವರೇ. ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಎಂದು ಉಮ್ಮ ಕೇಳಿದರು. ಊರಿನಲ್ಲಿಯೇ ಇದ್ದಾರೆ, ಮಾತುಕತೆ ಇಲ್ಲ ಅಷ್ಟೇ. ಈ ಪೆರ್ನಾಲಿಗೆ ಅಲ್ಲಿಗೆ ಹೋಗಬೇಕು ಎಂದು ಉಮ್ಮ ಹೇಳಿದ್ದಾರೆ, ಕರೆದುಕೊಂಡು ಹೋಗುವ ಕೆಲಸ ನಮ್ಮದು.

ಮಕ್ಕಳಿಗೆ ಇಷ್ಟೆಲ್ಲ ಭಾರ ಬೇಡ ಎಂದು ಕಳೆದ ಶನಿವಾರ ಇರಾನಿನ 'ಚಿಲ್ಡ್ರನ್ ಆಫ್ ಹೆವನ್' (1997) ಹಾಕಿದೆವು. ಮಜೀದ್ ಮಜೀದಿ ಮಾಡಿದ್ದು. ತಂಗಿಯ ಚಪ್ಪಲಿ ಕಳೆದುಹಾಕಿದ ಅಣ್ಣ, ಇಬ್ಬರೂ ಒಂದೇ ಜೋಡಿ ಶೂ ಹಂಚಿಕೊಂಡು ಬೆಳಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬ ಶಾಲೆಗೆ ಓಡುವುದು, ಉಪ್ಪನಿಗೆ ಗೊತ್ತಾಗಬಾರದು, ಕೈಯಲ್ಲಿ ಹಣ ಇಲ್ಲ. ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಶೂ ಎಂದು ಗೊತ್ತಾಗಿ ಹುಡುಗ ಮೂರನೆಯವನಾಗಲೆಂದೇ ಓಡುತ್ತಾನೆ. ಓಡಿ ಓಡಿ ಮೊದಲನೆಯವನಾಗಿಬಿಡುತ್ತಾನೆ. ಎಲ್ಲರೂ ಅವನನ್ನು ಎತ್ತಿಕೊಂಡು ಕುಣಿಯುವಾಗ ಅವನ ಮುಖ ನೋಡಬೇಕು. ನಮ್ಮ ಚಿಕ್ಕವನು ಪರದೆಗೆ ಕೂಗಿ ಹೇಳುತ್ತಿದ್ದ, ನಿಧಾನ ಹೋಗು, ನಿಧಾನ ಹೋಗು ಅಂತ. ಫಾರ್ಸಿ ಯಾರಿಗೂ ಬಾರದು, ಸಬ್‌ಟೈಟಲ್ ಓದಿ ಹೇಳುವ ಕೆಲಸ ಮೊಮ್ಮಗಳದ್ದು, ಅವಳು ಓದಿದ್ದನ್ನು ಬ್ಯಾರಿಯಲ್ಲಿಯೇ ಉಮ್ಮನಿಗೆ ಹೇಳುತ್ತಾ ಹೋದಳು. ನಡುನಡುವೆ ಶಬ್ದ ಸಿಗದಾಗ ಉಮ್ಮನೇ ಸಿನೆಮಾ ನೋಡಿಕೊಂಡು ಆ ಶಬ್ದ ಹೇಳಿಕೊಟ್ಟರು. ಈ ವಾರ ಏನು ಎಂದು ಇನ್ನೂ ತೀರ್ಮಾನ ಆಗಿಲ್ಲ. 'ಆದಾಮಿಂಡೆ ಮಗನ್ ಅಬು' ಹಾಕೋಣ ಎಂದು ನಮ್ಮ ಮನಸ್ಸು. ಹಜ್ಜಿಗೆ ಹೋಗಲು ಅತ್ತರು ಮಾರಿ ಹಣ ಕೂಡಿಸುವ ಮುದುಕನ ಕತೆ ಎಂದು ಕೇಳಿ ಉಮ್ಮ ರಿಮೋಟನ್ನು ಆಗಲೇ ಸೆರಗಿನಡಿ ಇಟ್ಟುಕೊಂಡಿದ್ದಾರೆ. ಆದರೆ ಚಿಕ್ಕವನಿಗೆ ಇನ್ನೊಮ್ಮೆ ಶೂವಿನದ್ದೇ ಬೇಕಂತೆ.